ಪಡುವಣ ಬಿಸಿಲೂ ಗಾಜಿನ ನೆರಳೂ

ಬೆಂಗಳೂರಿನ ಪಶ್ಚಿಮ ಭಾಗದ ನಿವಾಸಿಗಳಿಗೆ ಸಾಯಂಕಾಲದ ಸೂರ್ಯನು ಚಿರಪರಿಚಿತನು. ರಾಜಾಜಿನಗರದಿಂದಾಗಲಿ ವಿಜಯನಗರದಿಂದಾಗಲಿ ಹೊರಟು, ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಯನ್ನು ಸೇರಿ, ವೃಷಭಾವತಿಯ ಕಣಿವೆಯಗುಂಟ ಕೆಂಗೇರಿಗೆ ಸಾಗುವವರ ಪ್ರಯಾಣವು ನೈರುತ್ಯಾಭಿಮುಖವಾದುದು. 2021ರಿಂದ ಕೆಂಗೇರಿಯವರೆಗೆ ಓಡುತ್ತಿರುವ ಮೆಟ್ರೋ ರೈಲಿನ ಸೇತುವೆಯು ಮಧ್ಯಾಹ್ನದಲ್ಲಿ ರಸ್ತೆಗೆ ತುಸು ನೆರಳನ್ನೀಯುವುದಾದರೂ, ಇಳಿಹೊತ್ತಿನ ಓರೆ ಬಿಸಿಲನ್ನು ಅದು ತಡೆಯಲಾರದು. ಧನುರ್ಮಾಸದಲ್ಲಿ ಆ ಬಿಸಿಲು ಚಾಲಕನ ಕಣ್ಣಿಗೇ ನೇರವಾಗಿ ಹೊಡೆಯುವುದು. ವೈಶಾಖದಲ್ಲಿ ಅವನ ಬಲಗೈಯನ್ನೂ ಬಲಗೆನ್ನೆಯನ್ನೂ ಸುಡುವುದು.

ಮೋಟಾರಿನ ಗಾಜು ಬಿಸಿಲನ್ನು ಒಳಕ್ಕೆ ಬಿಡುವುದು. ಆದರೆ ಕಾದ ಆಸನಗಳು ಹೊರಸೂಸುವ ಶಾಖವನ್ನು ಹೊರಕ್ಕೆ ಬಿಡದು. ಆದುದರಿಂದಲೇ ಬಿಸಿಲಿನಲ್ಲಿ ನಿಂತ ಕಾರು ಅಲ್ಪಕಾಲದಲ್ಲಿಯೇ ಕುಲುಮೆಯಾಗುವುದು. ಅದರೊಳಗೆ ಮಕ್ಕಳನ್ನು ಕ್ಷಣಮಾತ್ರವೂ ಬಿಟ್ಟುಹೋಗತಕ್ಕದ್ದಲ್ಲ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವುದರಿಂದ ಅದು ನೇರಳಾತೀತ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದು. ಪಕ್ಕದ ಗಾಜುಗಳು ಸಾಮಾನ್ಯವಾಗಿ ಅಷ್ಟು ತಡೆಯವು.

ಇದಕ್ಕೆ ಪರಿಹಾರವೆಂದು ಅನೇಕರು ಗಾಜಿಗೆ ಕಪ್ಪು ಹಾಳೆಯನ್ನು ಅಂಟಿಸುವರು. ಕಪ್ಪಾದಷ್ಟೂ ತಂಪೆಂಬುದು ಭ್ರಮೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧಭಾಗವು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದು. ಅವನ್ನು ತಡೆಯುವ ಗಾಜು ತಿಳಿಯಾಗಿದ್ದರೂ ತಂಪನ್ನೀಯಬಲ್ಲುದು. ಬರಿಯ ಕಪ್ಪು ಹಾಳೆಯಾದರೋ ತಾನೇ ಕಾದು, ಆ ಶಾಖದಲ್ಲಿ ಒಂದು ಪಾಲನ್ನು ಒಳಗಿನವರಿಗೇ ಹಂಚುವುದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಹಾಗೂ ಹಿಂದಿನ ಗಾಜುಗಳಲ್ಲಿ ನೂರಕ್ಕೆ 70ರಷ್ಟೂ, ಪಕ್ಕದ ಗಾಜುಗಳಲ್ಲಿ 50ರಷ್ಟೂ ಬೆಳಕು ಹಾಯಲೇಬೇಕು. ಕಪ್ಪು ಗಾಜಿನ ಮರೆಯಲ್ಲಿ ಅಪರಾಧಗಳು ನಡೆಯುತ್ತಿರುವುದನ್ನು ಗಮನಿಸಿ, 2012ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಯಾವ ಹಾಳೆಯನ್ನೂ ಅಂಟಿಸಕೂಡದೆಂದು ಆಜ್ಞಾಪಿಸಿತು. ತರುವಾಯ ನಿಯಮವು ತಿದ್ದುಪಡಿಯಾಗಲು, 2024ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಮೇಲ್ಕಂಡ ಪ್ರಮಾಣವನ್ನು ಮೀರದ ಹಾಳೆಯು ಸಲ್ಲುವುದೆಂದು ತೀರ್ಪಿತ್ತಿತು. ಬೆಳಕಿನ ಪ್ರಮಾಣವು ಮಾತ್ರ ಅಂದಿನಂತೆಯೇ ನಿಂತಿದೆ.

ಈ ನಿರ್ಬಂಧವು ಪೊಲೀಸರ ಅನುಕೂಲಕ್ಕಾಗಿ ಮಾತ್ರವೇ ಇರುವುದೆಂದು ತಿಳಿಯಬಾರದು. ಹಗಲಿನಲ್ಲಿ ಹಿತವಾದ ಕತ್ತಲೆಯು ರಾತ್ರಿ ಮಾಗಡಿ ರಸ್ತೆಯಲ್ಲಿ ಅನರ್ಥಕಾರಿಯಾಗುವುದು. ಮಳೆಯಲ್ಲಿ ಕೊಡೆ ಹಿಡಿದು ರಸ್ತೆ ದಾಟುವ ವೃದ್ಧೆಯು ಚಾಲಕನಿಗೆ ಕಾಣಿಸದೆ ಹೋಗಬಹುದು. ತಮ್ಮ ತಂಪಿಗಾಗಿ ಪರರ ಪ್ರಾಣವನ್ನು ಪಣವಿಡುವುದು ಗೃಹಸ್ಥಧರ್ಮವಲ್ಲ.

ಆದುದರಿಂದ ವಾಹನವನ್ನು ಮರದ ನೆರಳಿನಲ್ಲಿ ನಿಲ್ಲಿಸುವುದು, ನಿಂತಾಗ ಮುಂದಿನ ಗಾಜಿಗೆ ಹೊಳೆವ ಮರೆಯನ್ನಿಡುವುದು, ಹೊರಡುವ ಮುನ್ನ ಬಾಗಿಲು ತೆರೆದು ಬಿಸಿಗಾಳಿಯನ್ನು ಕಳೆಯುವುದು, ಚಾಲಕನು ತುಂಬುತೋಳಿನ ಹತ್ತಿಯ ಅಂಗಿಯನ್ನು ಧರಿಸುವುದು, ಇವೇ ನಿರಪಾಯವಾದ ಉಪಾಯಗಳು. ಬಸವೇಶ್ವರನಗರದ ಬೀದಿಯಲ್ಲಿ ಮನೆಯ ಮುಂದೆ ಒಂದು ಹೊಂಗೆಯ ಸಸಿಯನ್ನು ನೆಟ್ಟವನು, ತನ್ನ ಕಾರಿಗೂ ದಾರಿಹೋಕರಿಗೂ ಏಕಕಾಲದಲ್ಲಿ ನೆರಳನ್ನಿತ್ತಂತಾಗುವುದು.