ಎರಡು ನಿಜಕ್ಕೊಂದು ಸುಳ್ಳು

ಇಸ್ಪೀಟಿಗೆ ನಮ್ಮ ಕಡೆ ಒಳ್ಳೆಯ ಹೆಸರಿಲ್ಲ. ಎಲೆಯಾಟವೆಂದೊಡನೆ ಯಾದಗಿರಿ, ಶಹಾಪುರ, ಸುರಪುರಗಳ ಜನಕ್ಕೆ ನೆನಪಾಗುವುದು ಅಂದರ್‌-ಬಾಹರ್; ಅದರ ಬೆನ್ನಿಗೇ ಪೊಲೀಸರ ದಾಳಿ, ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನ ಸುದ್ದಿ. ಕನ್ನಡ ಕಲಿಸುವವನಂತೂ ಧರ್ಮರಾಯನ ಜೂಜನ್ನು ತರಗತಿಯಲ್ಲಿ ಗಂಟೆಗಟ್ಟಲೆ ವರ್ಣಿಸಬಹುದೇ ಹೊರತು, ತಾನು ಎಲೆ ಮುಟ್ಟಿದನೆಂದರೆ ಊರು ಸುಮ್ಮನಿರುವುದಿಲ್ಲ. ಹೀಗಿರುತ್ತ, ನಲವತ್ತು ದಾಟಿದ ಮೇಲೆ ನಾನು ಪೋಕರ್ ಕಲಿತೆ. ಅದರಲ್ಲಿಯೂ ಸುಳ್ಳು ಹೇಳುವ ಭಾಗವನ್ನೇ ಶ್ರದ್ಧೆಯಿಂದ ಕಲಿತೆ. ಇದು ಹೇಗಾಯಿತೆಂಬುದನ್ನು ಹೇಳಿದರೆ ಓದುಗರು ನನ್ನನ್ನು ಜೂಜುಗಾರರ ಪಟ್ಟಿಗೆ ಸೇರಿಸಲಾರರೆಂದು ನಂಬಿದ್ದೇನೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. 2025ರ ಬೇಸಿಗೆ ರಜೆಗೆ ಬಂದವನು ಮೊಬೈಲ್ ಹಿಡಿದು ರಾತ್ರಿಯೆಲ್ಲ ಎಚ್ಚರವಿರತೊಡಗಿದ. ವಿಚಾರಿಸಿದರೆ, ರೊಕ್ಕ ಕಟ್ಟಿ ಆಡುವ ಪೋಕರ್. ತಂಗಿ ಶಹಾಪುರದ ಬಳಿ ನಾಲ್ಕು ಎಕರೆ ಹತ್ತಿ ಬೆಳೆಯುವವಳು; ಗಂಡನಿಲ್ಲ. “ಅಣ್ಣಾ, ನೀ ಮಾಸ್ತರ ಇದ್ದಿ. ಅವನಿಗಿಷ್ಟು ಬುದ್ಧಿ ಹೇಳು,” ಎಂದಳು. ತಿಳಿಯದ ವಿಷಯದಲ್ಲಿ ಬುದ್ಧಿ ಹೇಳುವುದು ನಮ್ಮ ವೃತ್ತಿಯಲ್ಲಿ ಅಪರೂಪವೇನಲ್ಲ. ಆದರೂ ಹುಡುಗನ ಮುಂದೆ ಹಗುರಾಗಬಾರದೆಂದು, “ಮೊದಲು ನನಗೆ ಕಲಿಸು, ಆಮೇಲೆ ಬೈಯುತ್ತೇನೆ,” ಎಂದೆ. ಹುಣಸೆ ಬೀಜಗಳೇ ನಮ್ಮ ನಾಣ್ಯಗಳಾದವು.

ಮೊದಲ ಸಂಜೆಯೇ ನನ್ನ ಬೀಜಗಳೆಲ್ಲ ಅವನ ಮುಂದೆ ರಾಶಿಯಾದವು. ಅವನು ನಕ್ಕ: “ಮಾಮಾ, ನೀವು ಖರೇ ಕೈ ಬಂದಾಗಷ್ಟೇ ಪಣ ಏರಸ್ತೀರಿ. ನೀವು ಏರಿಸಿದ್ರ ನಾ ಎಲಿ ಒಗದು ಬಿಡ್ತೀನಿ. ಹಿಂಗಾದ್ರ ನಿಮ್ಮ ಚೊಲೋ ಕೈಗೆ ಯಾರು ರೊಕ್ಕ ಕೊಡ್ತಾರ್ರಿ?” ಸತ್ಯವಂತನ ನಷ್ಟಕ್ಕೆ ಇಷ್ಟು ಚಿಕ್ಕ ವ್ಯಾಖ್ಯಾನವನ್ನು ನಾನು ಯಾವ ಟೀಕೆಯಲ್ಲಿಯೂ ಓದಿರಲಿಲ್ಲ.

ಆಮೇಲೆ ಅವನು ಲೆಕ್ಕ ಬರೆದು ತೋರಿಸಿದ. ನಡುವೆ ನೂರು ಬೀಜ ಕೂಡಿವೆ ಎನ್ನಿ. ಕೊನೆಯ ಸುತ್ತಿನಲ್ಲಿ ನಾನು ಇನ್ನೂ ನೂರು ಇಡುತ್ತೇನೆ. ಎದುರಾಳಿ ನೂರು ಕೊಟ್ಟು ನನ್ನ ಎಲೆ ನೋಡಬಹುದು, ಇಲ್ಲವೆ ತನ್ನ ಎಲೆ ಒಗೆಯಬಹುದು. ನನ್ನ ಕೈ ನಿಜವಾಗಿದ್ದರೆ ಅವನಿಗೆ ನೂರು ನಷ್ಟ. ಬ್ಲಫ್ ಆಗಿದ್ದರೆ ಇನ್ನೂರು ಲಾಭ. ಆದ್ದರಿಂದ ಎರಡು ಸಲ ನಿಜದ ಕೈಯಿಂದಲೂ ಒಂದು ಸಲ ಬರಿಗೈಯಿಂದಲೂ ನಾನು ಪಣ ಇಟ್ಟೆನಾದರೆ, ಮೂರು ಸಲವೂ ನೋಡಿದವನಿಗೆ ಇನ್ನೂರು ಹೋಗಿ ಇನ್ನೂರು ಬರುತ್ತದೆ. ನೋಡಿದರೂ ಅಷ್ಟೆ, ಒಗೆದರೂ ಅಷ್ಟೆ. ನನಗೋ ಮೂರು ಸಲಕ್ಕೆ ಮುನ್ನೂರು ಬಂದೇ ಬರುತ್ತದೆ. ಅವನು ಒಗೆದರೆ ನೂರರಂತೆ ಮೂರು. ನೋಡಿದರೆ ಎರಡು ಸಲ ಇನ್ನೂರು ಬಂದು ಒಂದು ಸಲ ನೂರು ಹೋಗುತ್ತದೆ. ಬರಿಯ ಸತ್ಯವಂತನಿಗಾದರೆ ಇನ್ನೂರಷ್ಟೇ. ಇದಕ್ಕೆ ಅವರು ಸಮತೂಕದ ಬ್ಲಫ್ ಎನ್ನುತ್ತಾರೆ. ಪಣ ಅರ್ಧವಾದರೆ, ಅಂದರೆ ನೂರರ ಮುಂದೆ ಐವತ್ತಾದರೆ, ಮೂರು ನಿಜಕ್ಕೆ ಒಂದು ಸುಳ್ಳು. ದೊಡ್ಡ ಮಾತಿನಲ್ಲಿ ಹೆಚ್ಚು ಸುಳ್ಳಿಗೆ ಜಾಗವಿದೆಯೆಂಬುದನ್ನು ನಾವು ಚುನಾವಣೆಯ ಭಾಷಣಗಳಿಂದಲೇ ಬಲ್ಲೆವಾದರೂ, ಅದಕ್ಕೊಂದು ಸೂತ್ರವಿದೆಯೆಂಬುದು ನನಗೆ ಹೊಸದು.

ಈ ವಿಚಾರ ಇಂದು ನಿನ್ನೆಯದಲ್ಲ. ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಫಾನ್ ನಾಯ್ಮನ್, ಮೋರ್ಗೆನ್‌ಸ್ಟರ್ನ್ ಅವರೊಡನೆ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಹೊತ್ತಗೆಯಲ್ಲಿ ಪೋಕರಿಗೇ ಮೀಸಲಾದ ಭಾಗವಿದೆ. ಅವರ ಪ್ರಕಾರ ಬ್ಲಫ್ಫಿಗೆ ಉದ್ದೇಶಗಳು ಎರಡು: ದುರ್ಬಲನಾಗಿದ್ದಾಗ ಬಲಶಾಲಿಯೆಂದು ತೋರಿಸುವುದು ಒಂದು, ಬಲಶಾಲಿಯಾಗಿದ್ದಾಗ ದುರ್ಬಲನಿರಬಹುದೆಂಬ ಸಂಶಯ ಹುಟ್ಟಿಸುವುದು ಇನ್ನೊಂದು. ಎರಡನೆಯದು ನನ್ನ ಮನಸ್ಸಿನಲ್ಲಿ ನಿಂತಿತು. ಸುಳ್ಳು ಇರುವುದು ಸತ್ಯಕ್ಕೆ ಬೆಲೆ ಬರಲೆಂದು!

ಆದರೆ ಯಾವ ಕೈಯಲ್ಲಿ ಸುಳ್ಳು ಹೇಳಬೇಕೆಂದು ನಾನೇ ಯೋಚಿಸಿ ತೀರ್ಮಾನಿಸಿದರೆ ಅಳಿಯ ಮುಖ ನೋಡಿಯೇ ಹಿಡಿಯುತ್ತಿದ್ದ. ಅದಕ್ಕೂ ಅವನು ಉಪಾಯ ಹೇಳಿಕೊಟ್ಟ. ಒಳ್ಳೆಯ ಕೈ, ಕೆಟ್ಟ ಕೈ ಸಮಸಮವಾಗಿ ಬರುವಾಗ ಕೆಟ್ಟವುಗಳಲ್ಲಿ ಅರ್ಧಕ್ಕೆ ಮಾತ್ರ ಬ್ಲಫ್ ಹೊಡೆಯಬೇಕು. ಯಾವ ಅರ್ಧವೆಂಬುದನ್ನು ಗಡಿಯಾರ ಹೇಳಲಿ. ನನ್ನ ತಂದೆಯ ಎಚ್.ಎಂ.ಟಿ. ಗಡಿಯಾರದ ಸೆಕೆಂಡಿನ ಮುಳ್ಳು ಬಲಗಡೆಗಿದ್ದರೆ ಸುಳ್ಳು, ಎಡಗಡೆಗಿದ್ದರೆ ಮೌನ. ಗಡಿಯಾರದ ಆಜ್ಞೆಯಂತೆ ಸುಳ್ಳು ಹೇಳುವವನ ಮುಖದಲ್ಲಿ ಅಳುಕು ಇರುವುದಿಲ್ಲ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಲಿಬ್ರಾಟಸ್ ಎಂಬ ಗಣಕವು ಇಪ್ಪತ್ತು ದಿನಗಳಲ್ಲಿ 1,20,000 ಕೈ ಆಡಿ ನಾಲ್ವರು ನುರಿತ ಆಟಗಾರರನ್ನು ಸೋಲಿಸಿದ್ದು ಇಂಥ ಸಮತೂಕದ ಲೆಕ್ಕದಿಂದಲೇ. ಅದಕ್ಕೆ ನಾಚಿಕೆಯೂ ಇಲ್ಲ, ಆಸೆಯೂ ಇಲ್ಲ.

ನನಗೆ ಆಗ ಧರ್ಮರಾಯನ ನೆನಪಾಯಿತು. ಜೂಜಿನ ಧರ್ಮರಾಯನಲ್ಲ, ರಣರಂಗದವನು. ಅಶ್ವತ್ಥಾಮ ಸತ್ತನೆಂದು ಭೀಮ ಕೂಗಿದರೆ ದ್ರೋಣನಿಗೆ ಸಂಶಯ. ಧರ್ಮರಾಯ ಹೇಳಿದರೆ ನಂಬಿಕೆ. ಜೀವಮಾನವೆಲ್ಲ ಕೂಡಿಟ್ಟ ಸತ್ಯವನ್ನು ಅವನು ಒಂದೇ ಪಣಕ್ಕೆ ಸುರಿದ, ಗೆದ್ದ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು. ಅಳಿಯನಿಗೆ ಇದನ್ನು ಹೇಳಿದೆ. “ಅಂವಾ ಒಂದ ಸಲ ಆಡಿದ್ರಿ, ಮಾಮಾ. ದಿನಾ ಆಡಾವರಿಗೆ ಅದು ನಡಿಯೂದಿಲ್ಲ,” ಎಂದ. ಮಾತು ನಿಜ. ದಿನವೂ ಅದೇ ಜನರೊಡನೆ ವ್ಯವಹರಿಸಬೇಕಾದವನಿಗೆ ಬೇಕಾದದ್ದು ಒಂದು ದೊಡ್ಡ ಸುಳ್ಳಲ್ಲ, ಒಂದು ಪ್ರಮಾಣ.

ಅಷ್ಟರಲ್ಲಿ ಅವನು ತನ್ನ ವಾದವನ್ನು ಮುಂದಿಟ್ಟ. ತನ್ನ ಆಟ ಸಮತೂಕದ್ದಾದ್ದರಿಂದ ತಾನು ಸೋಲುವುದಿಲ್ಲವಂತೆ. ಇಲ್ಲಿ ನನ್ನ ಸಂಸ್ಕೃತ ಕೈಹಿಡಿಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿ ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ತೆಗೆದುಕೊಳ್ಳುತ್ತಾನೆ. ಮೊಬೈಲಿನ ಆಟದ ಒಡೆಯನೂ ಪ್ರತಿಯೊಂದು ಪಣದಿಂದ ಒಂದಿಷ್ಟು ಕಳೆಯುತ್ತಾನಷ್ಟೆ. ಕೌಟಿಲ್ಯನ ದರವನ್ನೇ ಹಿಡಿಯೋಣ. ಇಬ್ಬರು ಸಮತೂಕದವರು ನೂರು ರೂಪಾಯಿಯ ಪಣವನ್ನು ಇಪ್ಪತ್ತು ಸಲ ಆಡಿದರೆ, ಇಬ್ಬರೂ ಸೋಲಲಿಲ್ಲ, ಗೆಲ್ಲಲಿಲ್ಲ. ನೂರು ರೂಪಾಯಿ ಮಾತ್ರ ಎದ್ದುಹೋಯಿತು. ಸಮತೂಕ ನಿನ್ನನ್ನು ಕಾಯುವುದು ಎದುರಾಳಿಯಿಂದ, ಒಡೆಯನಿಂದಲ್ಲ. ಲಾಭ ಬೇಕಾದರೆ ನಿನಗಿಂತ ದಡ್ಡನೊಬ್ಬ ಬೇಕು. ಅವನು ನಿನ್ನಂತೆಯೇ ಯಾವುದೋ ತಾಯಿಯ ಮಗ. ಹುಡುಗ ಕಾಗದದ ಮೇಲೆ ಗುಣಿಸಿ ನೋಡಿದ, ಉತ್ತರ ಕೊಡಲಿಲ್ಲ.

ಇದರ ಮೇಲೆ ಸರ್ಕಾರವೂ ಮಾತಾಡಿತು. ಕರ್ನಾಟಕ 2021ರಲ್ಲಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾನೂನು ಚಾತುರ್ಯವೋ ಅದೃಷ್ಟವೋ ಎಂಬ ಹಳೆಯ ಚರ್ಚೆಯನ್ನೇ ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ಒಟ್ಟಿಗೆ ನಿಷೇಧಿಸಿತು. ಅಳಿಯನ ರಾತ್ರಿಯ ಆಟ ನಿಂತಿತು. ತಂಗಿಯ ಆತಂಕ ಇಳಿಯಿತು. ಆದರೆ ನಮ್ಮಿಬ್ಬರ ಚರ್ಚೆ ಮುಗಿದಿರಲಿಲ್ಲ.

ದೀಪಾವಳಿಗೆ ಬಂದಾಗ ಅವನೇ ತೆಗೆದ: “ಮಾಮಾ, ಬಜಾರದಾಗ ಎಲ್ಲಾರೂ ಬ್ಲಫ್ ಹೊಡೀತಾರ. ಹತ್ತಿ ಬೆಳೆದಾಂವ ಒಬ್ಬನ ಖರೇ ಆಡಾವ. ಅದಕ್ಕ ಅಂವಾ ಸೋಲತಾನ.” ಮಾತಿನಲ್ಲಿ ನೋವಿತ್ತು. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಂಡವರಾರೂ ಅದನ್ನು ಅಲ್ಲಗಳೆಯಲಾರರು. ಆದರೆ ನನಗನ್ನಿಸಿದ್ದು ಬೇರೆ. ಬಡವ ಸುಳ್ಳು ಹೇಳುವುದಿಲ್ಲವೆಂದಲ್ಲ. ಅವನ ಸುಳ್ಳನ್ನು ಯಾರೂ ನಂಬುವುದಿಲ್ಲ. “ಈ ದರಕ್ಕೆ ಕೊಡೂದಿಲ್ಲ, ಒಯ್ತೀನಿ” ಎಂದು ರೈತ ಹೇಳಿದರೆ, ಗಾಡಿ ಬಾಡಿಗೆಗೆ ಅವನಲ್ಲಿ ದುಡ್ಡಿಲ್ಲ, ಬೀಜ-ಗೊಬ್ಬರದ ಸಾಲ ತಲೆಯ ಮೇಲಿದೆ ಎಂದು ಕೊಳ್ಳುವವನಿಗೆ ಗೊತ್ತು. ಎರಡು ನಿಜ ಕೈಯಲ್ಲಿಲ್ಲದವನಿಗೆ ಒಂದು ಸುಳ್ಳಿನ ಅನುಕೂಲವೂ ಇಲ್ಲ. ಅಳಿಯನ ಸೂತ್ರದಲ್ಲಿಯೇ ಇದು ಅಡಗಿತ್ತು, ನಾವು ನೋಡಿರಲಿಲ್ಲ.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ತಂಗಿ ಆಗ ಬಾಗಿಲಿಗೆ ಬಂದಳು. ಗಂಡ ತೀರಿಕೊಂಡ ವರ್ಷ ವ್ಯಾಪಾರಿಯೊಬ್ಬರು ತೀರ ಕಡಿಮೆ ದರ ಹೇಳಿದಾಗ, ಅವಳು ಹತ್ತಿಯನ್ನು ಅದೇ ಟಂಟಂನಲ್ಲಿ ಮನೆಗೆ ತಿರುಗಿ ತಂದಿದ್ದಳು. ಬಾಡಿಗೆ ಎರಡು ಪಟ್ಟಾಯಿತು. ನಡುಮನೆಯ ತುಂಬ ಹತ್ತಿ. ಮಗ ಅದರ ಮೇಲೆಯೇ ಮಲಗುತ್ತಿದ್ದ. ತಿಂಗಳ ಮೇಲೆ ಮಾರಿದಾಗ ಸಿಕ್ಕ ಹೆಚ್ಚಿನ ದರ ಬಾಡಿಗೆಗೇ ಸರಿಹೋಯಿತು. “ಆ ವರ್ಷ ಏನೂ ಉಳೀಲಿಲ್ಲ. ಆದ್ರ ಮುಂದಿನ ವರ್ಷ ನಾ ‘ಒಯ್ತೀನ್ರಿ’ ಅಂದ ಕೂಡ್ಲೇ ಅವರು ದರ ಏರಿಸಿದ್ರು. ಮನ್ಯಾಗ ಇಡಾಕ ಜಾಗಾನೂ ಇರಲಿಲ್ಲ ಆವಾಗ,” ಎಂದು ನಕ್ಕಳು.

ಹುಡುಗ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವನು ರಾತ್ರಿಯೆಲ್ಲ ಎಚ್ಚರವಿದ್ದು ಕಲಿತ ಲೆಕ್ಕವನ್ನು ಅವಳು ಟಂಟಂನ ಬಾಡಿಗೆ ಕೊಟ್ಟು ಕಲಿತಿದ್ದಳು. ಹೋಗುವುದಾಗಿ ಹೇಳಿ ನಿಜಕ್ಕೂ ಹೋದ ಒಂದು ಸಲದ ಬಲದ ಮೇಲೆ, ಹೋಗಲಾಗದ ಇನ್ನೊಂದು ಸಲ ಅವಳ ಮಾತು ನಡೆಯಿತು. ವ್ಯತ್ಯಾಸವೆಂದರೆ, ಅವಳ ಪಣದಲ್ಲಿ ಬೆಳೆ ಅವಳದೇ ಆಗಿತ್ತು.

ಅಳಿಯ ಈಗ ಹತ್ತಿಯ ದರಗಳನ್ನು ವಾರವಾರವೂ ಬರೆದಿಡುತ್ತಾನೆ. ಎಷ್ಟು ದಿನ ಹತ್ತಿ ಹಿಡಿದಿಟ್ಟರೆ ಬಾಡಿಗೆಯೂ ಬಡ್ಡಿಯೂ ಗಿಟ್ಟುತ್ತದೆಂದು ತಾಯಿಗೆ ಫೋನಿನಲ್ಲಿ ಹೇಳುತ್ತಾನೆ. ಅವಳು ಅವನ ಮಾತನ್ನು ಅರ್ಧ ನಂಬುತ್ತಾಳೆ. ಸಮತೂಕವೆಂದರೆ ಅದೇ ಇರಬೇಕು.