ಹಿಡಿದ ಕೈ, ಬಿಡಿಸಿಕೊಂಡ ಕೈ



ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ನ್ಯೂಟನ್ನನ ಚಲನೆಯ ನಿಯಮಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆ ಪಾಠವನ್ನು ಕಳೆದ ದಸರಾ ರಜೆಯಲ್ಲಿ, ಮೋರಖಂಡಿಯ ನಮ್ಮ ಮನೆಯಂಗಳದಲ್ಲಿ, ಮೊಮ್ಮಗಳಿಂದ ಮತ್ತೊಮ್ಮೆ ಕಲಿತೆ.

ಅವಳು ಬಸವಕಲ್ಯಾಣದಲ್ಲಿ ಎಂಟನೆಯ ತರಗತಿಯಲ್ಲಿದ್ದಾಳೆ. ಜೊತೆಗೆ ಕರಾಟೆ ಕಲಿಯುತ್ತಾಳೆ. ಆ ದಿನ ಅಭ್ಯಾಸ ಮಾಡುತ್ತಿದ್ದುದು 'ಹೇಯಾನ್ ಶೋದಾನ್' ಎಂಬ ಕಟಾ. ಕಟಾ ಎಂದರೆ ಕಣ್ಣೆದುರು ಇಲ್ಲದ ಎದುರಾಳಿಯೊಡನೆ ಗೊತ್ತಾದ ಕ್ರಮದಲ್ಲಿ ಹೋರಾಡುವ ಪಾಠ. ಇದರಲ್ಲಿ 21 ಚಲನೆಗಳು. ಒಕಿನಾವಾ ದ್ವೀಪದ ಅಂಕೊ ಇತೊಸು (1831–1915) ಕಳೆದ ಶತಮಾನದ ಆರಂಭದಲ್ಲಿ ಕರಾಟೆಯನ್ನು ಶಾಲೆಗೆ ತಂದಾಗ, ಮಕ್ಕಳಿಗೆ ಹೊಂದುವಂತೆ 'ಪಿನಾನ್' ಎಂಬ ಐದು ಕಟಾಗಳನ್ನು ರೂಪಿಸಿದರು. ಅವುಗಳಿಗೆ 'ಹೇಯಾನ್' ಎಂದು ಹೆಸರಿಟ್ಟ ಗಿಚಿನ್ ಫುನಾಕೋಶಿ (1868–1957) ಸ್ವತಃ ಶಾಲಾ ಶಿಕ್ಷಕರಾಗಿದ್ದವರು ಎಂಬುದು ನನಗೆ ವಿಶೇಷ ಸಂತೋಷ ತಂದ ಸಂಗತಿ.

ಮೊದಲ ಜೋಡಿ ಸರಳ: ಎಡಕ್ಕೆ ತಿರುಗಿ ಎಡಗೈಯಿಂದ ಕೆಳಮುಖವಾಗಿ ತಡೆ, ಒಂದು ಹೆಜ್ಜೆ ಮುಂದಿಟ್ಟು ಬಲಗೈ ಗುದ್ದು. ಗುದ್ದುವುದು ತೋಳೆಂದು ನಾನು ತಿಳಿದಿದ್ದೆ. ಅಲ್ಲ. ಹಿಂಗಾಲು ನೆಲವನ್ನು ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ಮರಳಿ ಒತ್ತುತ್ತದೆ. ಆ ಬಲ ಸೊಂಟದ ತಿರುವಿನ ಮೂಲಕ ಭುಜಕ್ಕೆ, ಕೊನೆಗೆ ಮುಷ್ಟಿಗೆ ಬರುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಕೈ ಸೊಂಟಕ್ಕೆ ಹಿಂದೆ ಸರಿಯುತ್ತದೆ. ನಮ್ಮವ್ವ ಮಜ್ಜಿಗೆ ಕಡೆಯುವಾಗ ಹಗ್ಗದ ಒಂದು ತುದಿಯನ್ನು ಸೆಳೆದು ಇನ್ನೊಂದನ್ನು ಬಿಡುತ್ತಿದ್ದಳು; ನಡುವೆ ಕಡೆಗೋಲು ತಿರುಗುತ್ತಿತ್ತು. ಇಲ್ಲಿ ಕಡೆಗೋಲು ನಮ್ಮ ಬೆನ್ನೆಲುಬೇ.

ನನ್ನನ್ನು ತಡೆದು ನಿಲ್ಲಿಸಿದ್ದು ನಾಲ್ಕನೆಯ ಚಲನೆ. "ಮುತ್ಯಾ, ನನ್ನ ಕೈ ಗಟ್ಟಿ ಹಿಡೀರಿ," ಎಂದಳು. ಅವಳ ಬಲ ಮಣಿಕಟ್ಟನ್ನು ಹಿಡಿದೆ. ಮೊದಲು ತೋಳಿನಿಂದಷ್ಟೇ ಜಗ್ಗಿದಳು, ನಾನು ಬಿಡಲಿಲ್ಲ. ಅನಂತರ ಕಟಾದಲ್ಲಿರುವಂತೆ ಮುಂದಿದ್ದ ಬಲಗಾಲನ್ನು ಹಿಂದಕ್ಕೆಳೆದು, ಮೈಭಾರವನ್ನೆಲ್ಲ ಅದರೊಡನೆ ಸರಿಸಿ, ಕೈಯನ್ನು ನನ್ನ ಹೆಬ್ಬೆರಳಿನ ಕಡೆಗೆ ತಿರುಗಿಸಿದಳು. ಹಿಡಿತ ತೆರೆಯುವುದು ಅಲ್ಲಿಯೇ. ನಾಲ್ಕು ಬೆರಳಿನ ಎದುರು ಹೆಬ್ಬೆರಳು ಒಂಟಿ. ಬಿಡಿಸಿಕೊಂಡ ಕೈ ವೃತ್ತಾಕಾರವಾಗಿ ಮೇಲೆ ಸುತ್ತಿ, ಸುತ್ತಿಗೆಯಂತೆ ಇಳಿದು, ನನ್ನ ಹೆಗಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ನಾನು ನಕ್ಕೆ, ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ.

ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಶಾಲೆಗೆ ಬರುವ ದಾರಿಯಲ್ಲಿ ಒಬ್ಬನು ಕೈ ಹಿಡಿದನೆಂದು ನನ್ನ ಬಳಿ ಬಂದು ಹೇಳಿದ್ದಳು. "ತಲೆ ತಗ್ಗಿಸಿ ನಡಿಯವ್ವ, ಬೇರೆ ದಾರಿಯಿಂದ ಬಾ," ಎಂದು ಕಳುಹಿಸಿದೆ. ಒಂದು ತಿಂಗಳೊಳಗೆ ಅವಳು ಶಾಲೆ ಬಿಟ್ಟಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದವನೂ ನಾನೇ.

ಇಂದು ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿ ಕೊಡಲು ಅವಕಾಶವಿದೆ, ಒಳ್ಳೆಯದು. ಆದರೆ ಕರಾಟೆ ಬಂದರೆ ಸಾಕೆಂದು ನಾವು ಹಿರಿಯರು ಸುಮ್ಮನಾದರೆ, ಹೊಣೆಯನ್ನು ಮತ್ತೆ ಹುಡುಗಿಯ ಹೆಗಲಿಗೇ ಹೊರಿಸಿದಂತೆ. ಅಂದು ನಾನು ಮಾಡಬೇಕಾಗಿದ್ದುದು ಅವಳ ಜೊತೆ ಆ ದಾರಿಯಲ್ಲಿ ನಡೆದು ಹೋಗುವುದು. ಅಷ್ಟೇ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಯಾವ ಮಗುವಾದರೂ ಇಂಥ ಮಾತು ಹೇಳಿದರೆ, ತಲೆ ತಗ್ಗಿಸೆಂದು ಹೇಳಬೇಡಿ. ಮತ್ತು ಆ ಹುಡುಗಿ ಎಲ್ಲಿಯಾದರೂ ಇದನ್ನು ಓದುತ್ತಿದ್ದರೆ: ತಾಯಿ, ತಪ್ಪು ನನ್ನದು. ಕ್ಷಮಿಸು.