ಬಸುರಿ ಬಾಯಿ ಬಿಟ್ಟರೆ ತಪ್ಪೇನು?

ನಮ್ಮ ಕೇರಿಯ ಹೆಂಗಸರಿಗೆ ಹೆರಿಗೆ ಬಗ್ಗೆ ಹೇಳಿಕೊಡೋದು ಏನಿದೆ ಅಂತ ಊರಿನವರು ಕೇಳ್ತಾರೆ. ನಿಮ್ಮ ಜನ ಹೊಲದ ಬದುವಿನಲ್ಲೇ ಹೆತ್ತು, ಕೂಸನ್ನ ಮಂಕರಿಯಲ್ಲಿ ಹಾಕ್ಕೊಂಡು, ಅದೇ ಸಂಜೆ ಹುಲ್ಲು ಹೊತ್ಕೊಂಡು ಬರೋರಲ್ವ ಅಂತ ನಗ್ತಾರೆ. ಈ ನಗುವನ್ನ ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ಹೊಗಳಿದ ಹಾಗೇ ಕಾಣುತ್ತದೆ. ಆದರೆ ಇದರ ಒಳಗೆ ಇರೋದು ಒಂದು ಲೆಕ್ಕಾಚಾರ. ಕೂಲಿಯವಳಿಗೆ ನೋವಿಲ್ಲ, ಹೆದರಿಕೆಯಿಲ್ಲ, ನಾಚಿಕೆಯಿಲ್ಲ. ನೋವಿಲ್ಲದವಳಿಗೆ ಮದ್ದು ಯಾಕೆ? ಹೆದರಿಕೆಯಿಲ್ಲದವಳಿಗೆ ಸಮಾಧಾನ ಯಾಕೆ? ನಾಚಿಕೆಯಿಲ್ಲದವಳಿಗೆ ಪರದೆ ಯಾಕೆ?

ನಮಗೆ ನೋವಿದೆ. ಹೆದರಿಕೆ ಇದೆ. ನಾಚಿಕೆಯೂ ಇದೆ. ಇಲ್ಲದಿರೋದು ಬಾಯಿ ಬಿಡೋ ಜಾಗ. ಗಂಡನ್ನ ಕೇಳಿದರೆ 'ಥೂ, ಇದೆಲ್ಲ ನನ್ನ ಕೇಳ್ತೀಯ' ಅಂತಾನೆ. ಅತ್ತೆಯನ್ನ ಕೇಳಿದರೆ 'ನಾವೇನು ಹೆತ್ತಿಲ್ವ, ಆಗೋದು ಆಗ್ತದೆ' ಅಂತಾಳೆ. ಆಸ್ಪತ್ರೆಯಲ್ಲಿ ಕೇಳಿದರೆ 'ಮಲಗೋವಾಗ ಗೊತ್ತಿರ್ಲಿಲ್ವ' ಅನ್ನೋ ಮಾತು ಬರುತ್ತದೆ. ಈ ಒಂದು ಮಾತನ್ನ ನಮ್ಮಲ್ಲಿ ಎಷ್ಟು ಜನ ಕೇಳಿಸಿಕೊಂಡಿದ್ದೇವೆ ಅಂತ ಎಣಿಸಹೋದರೆ ಕೇಳಿಸಿಕೊಳ್ಳದವರನ್ನ ಎಣಿಸೋದೇ ಸುಲಭ. ಅದಾದ ಮೇಲೆ ಬಸುರಿ ಇನ್ನೇನೂ ಕೇಳಲ್ಲ. ಹಲ್ಲು ಕಚ್ಚಿಕೊಂಡು ಗೋಡೆ ನೋಡ್ತಾ ಮಲಗ್ತಾಳೆ.

ಇದರಲ್ಲಿ ಒಂದು ವಿಚಿತ್ರ ಇದೆ. ಹೆರಿಗೆಯ ವಿದ್ಯೆ ಎಷ್ಟೋ ಊರುಗಳಲ್ಲಿ ನಮ್ಮ ಕೇರಿಗಳ ಕೈಯಲ್ಲೇ ಇತ್ತು. ನಡುರಾತ್ರಿ ಗೌಡರ ಮನೆಯಲ್ಲಿ ನೋವು ಶುರುವಾದರೆ ಆಳು ಓಡಿಬರುತ್ತಿದ್ದದ್ದು ನಮ್ಮ ಸೂಲಗಿತ್ತಿಯ ಗುಡಿಸಲಿಗೆ. ಆ ಹೊತ್ತಿಗೆ ಅವಳಿಗೆ ಹಿತ್ತಿಲ ಬಾಗಿಲು ತೆರೆಯುತ್ತಿತ್ತು. ಕೂಸು ಹಿಡಿದು, ಹೊಕ್ಕುಳಬಳ್ಳಿ ಕತ್ತರಿಸಿ, ಮಾಸು ಹೂತು, ರಕ್ತದ ಬಟ್ಟೆ ಎತ್ತಿಕೊಂಡು ಅವಳು ಹೊರಟ ಮೇಲೆ ನೆಲ ತೊಳೆದು ಶುದ್ಧ ಮಾಡಿಕೊಳ್ಳುತ್ತಿದ್ದರು. ಹುಟ್ಟುವಾಗ ಬೇಕಾದ ಕೈ ಹುಟ್ಟಿದ ಮೇಲೆ ಮೈಲಿಗೆ. ಪಾವಗಡದ ಸೂಲಗಿತ್ತಿ ನರಸಮ್ಮ ಓದುಬರಹ ಕಲಿತವರಲ್ಲ, ಕೂಲಿ ಮಾಡಿ ಬದುಕಿದವರು. ದುಡ್ಡು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ನಾಡು ಅವರನ್ನ ನೆನೆಯುತ್ತದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪ್ರಶಸ್ತಿ ಬರುವ ಹೊತ್ತಿಗೆ ಹೆರಿಗೆ ಕೇರಿಯಿಂದ ಎದ್ದು ಆಸ್ಪತ್ರೆಗೆ ಹೋಗಿ ಆಗಿತ್ತು.

ಹೋಗಿದ್ದು ಒಳ್ಳೇದೇ ಆಯ್ತು. ಇದನ್ನ ನಾವು ಗಟ್ಟಿಯಾಗಿ ಹೇಳ್ತೇವೆ. ರಕ್ತ ನಿಲ್ಲದೆ, ನಂಜೇರಿ, ಕೂಸು ಅಡ್ಡ ಸಿಕ್ಕಿ ಸತ್ತ ಅಕ್ಕ ತಂಗಿಯರನ್ನ ನಾವು ಮಣ್ಣು ಮಾಡಿದ್ದೇವೆ. ಕರ್ನಾಟಕದಲ್ಲಿ 2004-06ರ ಲೆಕ್ಕದ ಪ್ರಕಾರ ಒಂದು ಲಕ್ಷ ಜೀವಂತ ಹೆರಿಗೆಗೆ 213 ತಾಯಂದಿರು ಸಾಯ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿಯಿತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳೋ ಹಾಗೆ ಈ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಹಳೆಯದೆಲ್ಲ ಚಿನ್ನ ಅನ್ನೋ ಹಾಡು ನಮಗೆ ಬೇಡ. ಆದರೆ ಸೂಲಗಿತ್ತಿ ಜೊತೆ ಒಂದು ಮಾತುಕತೆ ಇತ್ತು. ಅವಳು ಸೊಂಟ ನೀವುತ್ತಾ 'ಹೆದರಬೇಡ ಮಗ, ಇನ್ನೊಂದು ಚೂರು' ಅಂತಿದ್ದಳು. ಆಸ್ಪತ್ರೆಗೆ ಹೋಗುವಾಗ ಆ ಮಾತು ಮಾತ್ರ ಕೇರಿಯಲ್ಲೇ ಉಳಿದುಹೋಯಿತು.

ಆದ್ದರಿಂದ ಕೇಳಬಾರದು ಅಂತ ಇಟ್ಟ ಮಾತುಗಳನ್ನೇ ಇಲ್ಲಿ ಕೇಳ್ತೇವೆ. ಉತ್ತರವನ್ನೂ ತಿಳಿದವರಿಂದ ತಿಳಿದು ಬರೆದಿದ್ದೇವೆ. ನಾಚಿಕೆ ಆಗೋರು ಹಾಳೆ ಮಗುಚಬಹುದು.

'ತಿಣುಕುವಾಗ ಎರಡಕ್ಕೆ ಆಗಿಬಿಟ್ಟರೆ ಏನಕ್ಕ ಮಾಡೋದು?' ಚೊಚ್ಚಲ ಬಸುರಿಯರಲ್ಲಿ ಸಾವಿನ ಹೆದರಿಕೆ ಆದ ಮೇಲೆ ಇದೇ ದೊಡ್ಡ ಹೆದರಿಕೆ. ಇದಕ್ಕಾಗೇ ಎರಡು ದಿನ ಮುಂಚಿನಿಂದ ಅನ್ನ ಬಿಟ್ಟವರಿದ್ದಾರೆ. ಆಗುತ್ತದೆ, ಬಹಳ ಜನಕ್ಕೆ ಆಗುತ್ತದೆ. ಕೂಸಿನ ತಲೆ ಕೆಳಗಿಳಿಯುವಾಗ ಹಿಂದಿನ ಕರುಳನ್ನ ಒತ್ತುತ್ತದೆ, ಅಲ್ಲಿದ್ದದ್ದು ಹೊರಕ್ಕೆ ಬರುತ್ತದೆ. ಸರಿಯಾಗಿ ತಿಣುಕುತ್ತಿದ್ದೀಯ ಅನ್ನೋದಕ್ಕೆ ಅದೊಂದು ಗುರುತು. ಒರೆಸಿ ತೆಗೆಯೋದು ಅಲ್ಲಿರೋರ ಕೆಲಸದಲ್ಲಿ ಒಂದು. ಅದಕ್ಕಾಗಿ ಎಲ್ಲರಿಗೂ ಎನಿಮಾ ಕೊಡೋದೂ ಬೇಡ, ಕೆಳಗೆ ಬೋಳಿಸೋದೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ತೊಂದರೆ ಇಲ್ಲದ ಹೆರಿಗೆಯಲ್ಲಿ ನೋವಿನ ನಡುವೆ ನೀರು ಕುಡಿಯಬಹುದು, ಏನಾದರೂ ತಿನ್ನಬಹುದು ಅಂತಲೂ ಹೇಳಿದೆ. ಹಸಿದವಳಿಗೆ ತಿಣುಕೋ ಶಕ್ತಿ ಎಲ್ಲಿಂದ ಬರಬೇಕು?

'ಕೆಳಗೆ ಕುಯ್ತಾರಂತಲ್ಲ, ಎಲ್ಲರಿಗೂ ಕುಯ್ತಾರ?' ಎಲ್ಲರಿಗೂ ಕುಯ್ಯಬೇಕಾಗಿಲ್ಲ. ಕೂಸಿಗೆ ತೊಂದರೆಯಾಗಿ ಬೇಗ ತೆಗೆಯಬೇಕಾದಾಗ, ಇಕ್ಕಳ ಹಾಕಬೇಕಾದಾಗ ಬೇಕಾಗಬಹುದು. ಚೊಚ್ಚಲು ಅನ್ನೋ ಒಂದೇ ಕಾರಣಕ್ಕೆ ಕತ್ತರಿ ಹಾಕೋದು ಪದ್ಧತಿ ಆಗಬಾರದು. ಕುಯ್ಯುವ ಮುಂಚೆ ಹೇಳಬೇಕು, ಮರಗಟ್ಟುವ ಇಂಜೆಕ್ಷನ್ ಕೊಡಬೇಕು, ಹೊಲಿಯುವಾಗಲೂ ಕೊಡಬೇಕು. 'ಇಷ್ಟು ನೋವು ತಿಂದಿದ್ದೀಯ, ಇದೊಂದು ಯಾವ ಲೆಕ್ಕ' ಅಂತ ಬರೀ ಮೈಗೆ ಸೂಜಿ ಹಾಕಿಸಿಕೊಂಡವರು ನಮ್ಮಲ್ಲಿ ಇದ್ದಾರೆ. ಅದು ಲೆಕ್ಕವೇ. ಬರೆದಿಡುವ ಲೆಕ್ಕ.

'ಕೂಗಿದರೆ ಹೊಡೀತಾರ?' ಈ ಪ್ರಶ್ನೆ ಕೇಳುವ ಹುಡುಗಿಗೆ ಇಲ್ಲ ಅಂತ ಹೇಳುವ ಧೈರ್ಯ ನಮಗಿಲ್ಲ. ತೊಡೆಯ ಮೇಲೆ ಬಿದ್ದ ಏಟಿನ ಬರೆ ನೋಡಿದ್ದೇವೆ. ಹೊಟ್ಟೆ ಮೇಲೆ ಮೊಣಕೈ ಊರಿ ಒತ್ತಿದ್ದನ್ನೂ ಕಂಡಿದ್ದೇವೆ. ಹೆಸರು ಕೇಳಿ, ಊರು ಕೇಳಿ, ಆಮೇಲೆ ಯಾವ ಜನ ಅಂತ ಕೇಳಿ, ಹೊಟ್ಟೆ ಮುಟ್ಟದೆ ಚೀಟಿ ಬರೆದು ಕಳಿಸಿದವರೂ ಇದ್ದಾರೆ. ಹೆರಿಗೆ ಹೊತ್ತಿನ ಬೈಗುಳ, ಏಟು, ಅವಮಾನ ಎಲ್ಲ ಹೆಣ್ಣಿನ ಹಕ್ಕಿನ ಮೇಲಿನ ದಾಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಸಾರಿತು. ಸಾರಿದ್ದು ವಾರ್ಡಿನ ಬಾಗಿಲವರೆಗೆ ಬರಬೇಕಾದರೆ ನಮ್ಮ ಕಡೆಯವಳೊಬ್ಬಳು ಒಳಗಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯ ಜೊತೆ ಒಬ್ಬ ಹೆಂಗಸು ಹೆರಿಗೆ ಕೋಣೆಯಲ್ಲೇ ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲಿ ಹೇಳಿದೆ. ಇದನ್ನ ಬಾಯಿಪಾಠ ಮಾಡಿ.

'ಕಬ್ಬಿಣದ ಮಾತ್ರೆ ತಿಂದರೆ ಕೂಸು ಕಪ್ಪಗೆ ಹುಟ್ತದಂತೆ?' ಕಪ್ಪಗಾಗೋದು ಕಕ್ಕಸು, ಕೂಸಲ್ಲ. ಕೂಸಿನ ಬಣ್ಣ ಅಪ್ಪ ಅವ್ವನಿಂದ ಬರುತ್ತದೆ. ಅಪ್ಪ ಅವ್ವ ಕಪ್ಪಗಿದ್ದರೆ ಕೂಸೂ ಕಪ್ಪಗಿರಲಿ, ಅದರಲ್ಲಿ ಕಳೆದುಕೊಂಡದ್ದೇನು? ಕಪ್ಪು ಅಂದರೆ ಕೀಳು ಅಂತ ಹೇಳಿಕೊಟ್ಟವರು ಯಾರು ಅನ್ನೋದನ್ನ ಮೊದಲು ಕೇಳಬೇಕು. ಮಾತ್ರೆ ಚರಂಡಿಗೆ ಹೋಗುತ್ತಿರೋ ಈ ನಾಡಿನಲ್ಲಿ, ಅದೇ 2019-21ರ ಸಮೀಕ್ಷೆ ಪ್ರಕಾರ, ದೇಶದ ನೂರು ಬಸುರಿಯರಲ್ಲಿ 52 ಜನಕ್ಕೆ ರಕ್ತ ಕಮ್ಮಿ. ರಕ್ತ ಕಮ್ಮಿ ಇರೋಳಿಗೆ ಹೆರಿಗೆಯಲ್ಲಿ ಹೋಗುವ ರಕ್ತವನ್ನ ತಡೆಯೋ ಶಕ್ತಿಯೂ ಕಮ್ಮಿ. ವಾಕರಿಕೆ ಬಂದರೆ ರಾತ್ರಿ ಊಟ ಆದ ಮೇಲೆ ನುಂಗಬಹುದು. ಟೀ ಕಾಫಿ ಜೊತೆ ಬೇಡ, ಸುಣ್ಣದ ಮಾತ್ರೆ ಜೊತೆಗೂ ಬೇಡ. ನಿಂಬೆರಸದ ಜೊತೆ ಆದರೆ ಮೈಗೆ ಹತ್ತುತ್ತದೆ.

'ಜಾಸ್ತಿ ಉಂಡರೆ ಕೂಸು ದಪ್ಪವಾಗಿ ಹೆರೋಕೆ ಕಷ್ಟ ಅಂತಾರೆ?' ಈ ಮಾತನ್ನ ಹುಟ್ಟಿಸಿದವರು ಯಾರೋ, ಇದರಿಂದ ಉಳಿದದ್ದು ಮನೆಯ ಅನ್ನ ಮಾತ್ರ. ಅನ್ನ ಹೋಗೋದು ಜಠರಕ್ಕೆ, ಕೂಸಿರೋದು ಗರ್ಭಕೋಶದಲ್ಲಿ. ಎರಡೂ ಬೇರೆ ಚೀಲ. ತಾಯಿ ಹಸಿದರೆ ಕೂಸು ತೂಕವಿಲ್ಲದೆ ಹುಟ್ಟುತ್ತದೆ, ಅಂಥ ಕೂಸು ಬದುಕೋದೇ ಕಷ್ಟ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಿಸಿ ಊಟ, ಮೊಟ್ಟೆ, ಹಾಲು ಅಂತ ಮಾಡಿದರು. ಅಲ್ಲಿ ಬೇರೆ ಜಾತಿಯವರ ಜೊತೆ ಕೂತು ಉಣ್ಣೋಕೆ ನಮ್ಮ ಹುಡುಗಿಗೆ ಸಂಕೋಚವಾದರೆ, ಆ ಸಂಕೋಚ ಹುಟ್ಟಿಸಿದ ಕಣ್ಣುಗಳನ್ನ ಎದುರಿಸಬೇಕು. ತಟ್ಟೆ ಬಿಟ್ಟು ಏಳಬಾರದು.

'ಬಸುರಿದ್ದಾಗ ಗಂಡನ ಜೊತೆ ಮಲಗಬಹುದ?' ಇದನ್ನ ಕೇಳುವಾಗ ಸೆರಗು ಬಾಯಿಗೆ ಹೋಗುತ್ತದೆ. ತೊಂದರೆ ಇಲ್ಲದ ಬಸುರಿನಲ್ಲಿ ಮಲಗಬಹುದು, ಕೂಸಿಗೆ ಏಟು ಬೀಳಲ್ಲ. ರಕ್ತ ಕಾಣಿಸಿದರೆ, ನೀರು ಹೋಗಿದ್ದರೆ, ಮಾಸು ಕೆಳಗಿದೆ ಅಂತ ಡಾಕ್ಟರು ಹೇಳಿದ್ದರೆ ಬೇಡವೇ ಬೇಡ. ಇದೆಲ್ಲದಕ್ಕಿಂತ ಮೊದಲು ಅವಳಿಗೆ ಬೇಕಾ ಅನ್ನೋದು ಇದೆ. ಬೇಡ ಅಂದರೆ ಬೇಡ. ಸಂಘದ ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ ಮನೆಗೆ ಬರೋ ಗಂಡಸರೂ ಇದನ್ನ ಓದಲಿ ಅಂತಲೇ ಬರೀತಿದ್ದೇವೆ.

'ಹೆಣ್ಣಾದರೆ ನನ್ನ ಬಿಟ್ಟುಬಿಡ್ತಾರ?' ಹೆಣ್ಣೋ ಗಂಡೋ ಅನ್ನೋದು ತೀರ್ಮಾನವಾಗೋದು ಗಂಡಸಿನ ಬೀಜದಿಂದ. ಹೆಂಗಸಿನಲ್ಲಿರೋದು ಎಕ್ಸ್ ಒಂದೇ, ಗಂಡಸಿನಲ್ಲಿ ಎಕ್ಸ್ ಮತ್ತು ವೈ ಎರಡೂ ಇವೆ. ರಾಗಿ ಬಿತ್ತಿ ಭತ್ತ ಬರಲಿಲ್ಲ ಅಂತ ನೆಲಕ್ಕೆ ಒದೆಯೋ ಬೇಸಾಯಗಾರ ಎಲ್ಲಾದರೂ ಇದ್ದಾನ? ಮೇಷ್ಟ್ರುಗಳೇ, ಇದು ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ. ಅದನ್ನ ಪರೀಕ್ಷೆಗೆ ಮಾತ್ರ ಹೇಳಿಕೊಡಬೇಡಿ.

'ಎಷ್ಟು ತಿಂಗಳವರೆಗೆ ಕೂಲಿಗೆ ಹೋಗಬಹುದು?' ಕೇಳೋದೇ ಹೀಗೆ, ಎಷ್ಟು ತಿಂಗಳಿಂದ ಬಿಡಬಹುದು ಅಂತಲ್ಲ. ಕಡೇ ತಿಂಗಳುಗಳಲ್ಲಿ ಭಾರ ಹೊರಬಾರದು, ಬಿಸಿಲಲ್ಲಿ ಬಗ್ಗಿ ಗಂಟೆಗಟ್ಟಲೆ ಕಳೆ ಕೀಳಬಾರದು ಅಂತ ಎಲ್ಲರಿಗೂ ಗೊತ್ತು. ಬಿಟ್ಟರೆ ಒಲೆ ಉರಿಯಬೇಕಲ್ಲ? 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತಕ್ಕೆ ಬೇಕಾದ್ದು ಅಂತ ವಾದಿಸಿದರು. 1961ರಲ್ಲಿ ದೇಶಕ್ಕೆಲ್ಲ ಹೆರಿಗೆ ಸೌಲಭ್ಯದ ಕಾನೂನು ಬಂತು, 2017ರಲ್ಲಿ ರಜೆ 26 ವಾರಕ್ಕೆ ಏರಿತು. ಹಾಜರಿ ಪುಸ್ತಕದಲ್ಲಿ ಹೆಸರಿರೋರಿಗೆ ಅದು ಸಿಗುತ್ತದೆ. ಗೌಡರ ಗದ್ದೆಗೆ ಹಾಜರಿ ಪುಸ್ತಕ ಇಲ್ಲ. ನಮ್ಮ ಪಾಲಿಗೆ 2017ರಲ್ಲಿ ಬಂದ ಮಾತೃವಂದನಾ ಯೋಜನೆಯ ಮೊದಲ ಕೂಸಿನ 5,000 ರೂಪಾಯಿ, ಅದೂ ಕಂತು ಕಂತಾಗಿ. ಬಾಬಾಸಾಹೇಬರ ಫೋಟೋಗೆ ಹಾರ ಹಾಕೋರು ಆ 1928ರ ಮಾತನ್ನ ಕೂಲಿಯವಳ ಹೆಸರಲ್ಲಿ ಮತ್ತೆ ಎತ್ತಬೇಕು.

'ನಾನು ಸಾಯ್ತೀನ?' ಇದನ್ನ ಯಾರೂ ಬಾಯಿಬಿಟ್ಟು ಕೇಳಲ್ಲ. 'ನನ್ನ ದೊಡ್ಡ ಮಗೀನ ನೋಡ್ಕೊಳ್ಳಿ' ಅಂತಾರೆ, ಅಷ್ಟೇ. ಈ ಭಯ ಹುಚ್ಚಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡು ಇಲ್ಲ ಅಂತ ಆಸ್ಪತ್ರೆಯಿಂದ ವಾಪಸು ಹೋದ ಬಡ ಬಸುರಿ ಮನೆಯಲ್ಲಿ ಅವಳಿ ಕೂಸು ಹೆತ್ತು ಸತ್ತಳು, ಕೂಸುಗಳೂ ಉಳಿಯಲಿಲ್ಲ. ಸಿಬ್ಬಂದಿಯನ್ನ ಅಮಾನತು ಮಾಡಿದರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ನರಕ್ಕೆ ಏರಿಸಿದ ದ್ರಾವಣದ ಮೇಲೆ ಅನುಮಾನ ಬಂತು. ಹಾಗಂತ ಆಸ್ಪತ್ರೆ ಬಿಡೋದು ಉತ್ತರವಲ್ಲ. ಬಿಟ್ಟರೆ ಹಳೇ ಗುಂಡಿಗೇ ಬೀಳ್ತೇವೆ. ಯಾವಾಗ ಕಾಯದೆ ಓಡಬೇಕು ಅಂತ ತಿಳಿದಿರಬೇಕು. ರಕ್ತ ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಕೈ ಊದಿದರೆ, ಫಿಟ್ಸ್ ಬಂದರೆ, ಜ್ವರ ಬಂದರೆ, ಕೂಸಿನ ಒದೆತ ಕಮ್ಮಿಯಾದರೆ, ನೋವಿಗೆ ಮುಂಚೆ ನೀರು ಹೋದರೆ, ಆ ಗಳಿಗೆಯಲ್ಲೇ 108ಕ್ಕೆ ಫೋನು ಮಾಡಬೇಕು. ನೀರು ಹೋಯಿತೋ ಉಚ್ಚೆಯೋ ಅಂತ ಅನುಮಾನ ಬಂದರೂ ಹೋಗಬೇಕು. ಉಚ್ಚೆ ಅಂತ ಗೊತ್ತಾದರೆ ವಾಪಸು ಬಂದರಾಯ್ತು, ಅದಕ್ಕೆ ನಗೋರು ನಗಲಿ.

ಇನ್ನು ದುಡ್ಡಿನ ಮಾತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿ ಬರೋ ಗಾಡಿ ಎಲ್ಲ ಪುಕ್ಕಟೆ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಬಾಗಿಲಲ್ಲಿ ಕೈ ಚಾಚೋದು ಸಂಪ್ರದಾಯ ಅಲ್ಲ, ಲಂಚ.

ಓದಿದ ಗೆಳೆಯರಲ್ಲಿ, ಮೇಷ್ಟ್ರುಗಳಲ್ಲಿ ನಾವು ಕೇಳೋದು ದೊಡ್ಡದೇನಲ್ಲ. ತಿಂಗಳಿಗೆ ಒಂದು ಸಂಜೆ ಕೇರಿಯ ಸಮುದಾಯ ಭವನದ ಬೀಗ ತೆಗೆಸಿ. ಆಶಾ ಕಾರ್ಯಕರ್ತೆಯನ್ನ, ನರ್ಸಮ್ಮನನ್ನ ಕರೆಸಿ. ಅವರಲ್ಲೂ ನಮ್ಮ ಕೇರಿಯಿಂದಲೇ ಹೋದವರಿದ್ದಾರೆ, ಅವರನ್ನೂ ಮೇಲಿನವರು ಗದರಿಸ್ತಾರೆ, ಅವರ ಜೊತೆ ನಮ್ಮ ಜಗಳ ಇಲ್ಲ. ಗಂಡಸರು ಹೊರಗಿರಿ. ಬಸುರಿಯರು ಎಲ್ಲ ಕೇಳಲಿ. ವಿದ್ಯಾರ್ಥಿನಿಯರು ಕೂತು ಆ ಪ್ರಶ್ನೆಗಳನ್ನ ಬರೆದುಕೊಳ್ಳಿ. ಆಮೇಲೆ ಪ್ರತಿ ಬಸುರಿಗೂ ಒಬ್ಬಳು ಜೊತೆಗಾರ್ತಿ ಯಾರು ಅಂತ ಮುಂಚೆಯೇ ಗೊತ್ತು ಮಾಡಿ. ಹೆರಿಗೆ ಕೋಣೆಯಲ್ಲಿ ಅವಳು ಬಸುರಿಯ ಕೈ ಹಿಡಿದುಕೊಂಡು ನಿಲ್ಲಲಿ. ಯಾರಾದರೂ ಕೈ ಎತ್ತಿದರೆ, ಬೈದರೆ, ದುಡ್ಡು ಕೇಳಿದರೆ, ಅವರ ಹೆಸರು ಕೇಳಿ, ಹೊತ್ತು ನೋಡಿ, ಅಲ್ಲೇ ಬರೆದುಕೊಳ್ಳಲಿ.